ಹೆರಿಗೆ ಮನೆಯ ಮಂಚಗಳಿಗಾಗಿ ಓಬಳೇಶ ಸೈಕಲ್ ಹತ್ತಿದ್ದು

ಕೂಡ್ಲಿಗಿಯ ಬ್ಲಾಕ್ ಆಫೀಸಿನ ಗುಮಾಸ್ತ ಓಬಳೇಶನಿಗೆ ಸಿಟ್ಟು ಬರಲು ಕಾರಣ ಬೇಕಿರಲಿಲ್ಲ. ಸಿಟ್ಟು ಮೊದಲು ಬರುತ್ತಿತ್ತು, ಕಾರಣವನ್ನು ಆಮೇಲೆ ಹುಡುಕಿಕೊಳ್ಳುತ್ತಿದ್ದ. ಚಹಾ ತಣ್ಣಗಿದ್ದರೆ ಸಿಟ್ಟು, ಬಿಸಿಯಿದ್ದರೆ ನಾಲಿಗೆ ಸುಟ್ಟಿತೆಂದು ಸಿಟ್ಟು. ಬಸ್ಸು ತಡವಾದರೆ ಸಿಟ್ಟು, ಹೊತ್ತಿಗೆ ಸರಿಯಾಗಿ ಬಂದು ಇವನನ್ನು ಬಿಟ್ಟು ಹೋದರೆ ಇನ್ನೂ ಸಿಟ್ಟು. ಆ ಬಸ್ಸಿನ ಮೇಲಿನ ಹಟಕ್ಕೇ ಅವನು ಸೈಕಲ್ ಕೊಂಡದ್ದು.

ಅವನಪ್ಪ ದುರುಗಪ್ಪ ಜೀವಮಾನವೆಲ್ಲ ಇನ್ನೊಬ್ಬರ ಹೊಲಕ್ಕೆ ನಡೆದೇ ಹೋದವನು. ಮಗ ಬಾಡಿಗೆ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ, ಮೊಣಕಾಲು ಕೆತ್ತಿಸಿಕೊಂಡು, ಎರಡು ಸಲ ತಿಪ್ಪೆಗೆ ಬಿದ್ದು ಸವಾರಿ ಕಲಿತ. ನೌಕರಿ ಸಿಕ್ಕಮೇಲೆ ಸರ್ಕಾರಿ ನೌಕರರ ಆಟೋಟದಲ್ಲಿ ಅವನಿಗೊಂದು ಬಹುಮಾನವೂ ಬಂದಿತ್ತು. ಅದು ನಿಧಾನ ಸೈಕಲ್ ಸ್ಪರ್ಧೆ, ಎಲ್ಲರಿಗಿಂತ ಹಿಂದೆ ಉಳಿದವನೇ ಗೆದ್ದವನು. ಪಕ್ಕದವನು ಹ್ಯಾಂಡಲ್ ತಾಗಿಸಿದನೆಂದು ಓಬಳೇಶ ಅವನನ್ನು ಬೈಯುತ್ತ ಅಲ್ಲಲ್ಲೇ ಅಲ್ಲಾಡುತ್ತಿದ್ದ. ಬೈದು ಮುಗಿಸುವಷ್ಟರಲ್ಲಿ ಉಳಿದವರೆಲ್ಲ ಗೆರೆ ದಾಟಿ ಸೋತಿದ್ದರು. ಬಹುಮಾನದ ಸ್ಟೀಲ್ ತಾಟಿನ ಮೇಲೆ ಹೆಸರು ಕೊರೆಯುವವನಿಗೆ ಜಾಗ ಸಾಲದೆ 'ನಿಧಾನ' ಎಂಬ ಮಾತು ಬಿಟ್ಟುಹೋಗಿ 'ಸೈಕಲ್ ಸ್ಪರ್ಧೆ, ಪ್ರಥಮ' ಅಷ್ಟೇ ಉಳಿಯಿತು. ಓಬಳೇಶನೂ ಅದನ್ನು ತಿದ್ದಿಸುವ ಗೋಜಿಗೆ ಹೋಗಲಿಲ್ಲ. ದೇವರು ಕೊಟ್ಟ ಜಾಗದಲ್ಲಿ ಮನುಷ್ಯ ಯಾಕೆ ಕೈಹಾಕಬೇಕು?

ಆ ವರ್ಷ, ಎಪ್ಪತ್ತೆಂಟೋ ಎಪ್ಪತ್ತೊಂಬತ್ತೋ ಇರಬೇಕು, ಒಂದು ಬೆಳಿಗ್ಗೆ ಹುಲುಗಣ್ಣನ ಹೋಟೆಲಿನಲ್ಲಿ ಯಾರೋ ಪೇಪರು ಓದುತ್ತಿದ್ದರು. ಯಾವನೋ ಒಬ್ಬ ಸೈಕಲ್ಲಿನ ಮೇಲೆ ದೇಶ ಸುತ್ತುತ್ತಿದ್ದಾನಂತೆ. ಹುಲುಗಣ್ಣ ಮಿರ್ಚಿ ಕರಿಯುತ್ತಲೇ, "ಎದಿಗಾರಿಕಿ ಅಂದ್ರ ಅದಪ್ಪ" ಅಂದ. ಓಬಳೇಶನಿಗೆ ಸಿಟ್ಟು ಬಂತು.

"ಅದೇನು ದೊಡ್ಡದು? ನಾ ಮನಸ್ ಮಾಡಿದ್ರ ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಲ್ಲಾ ಸುತ್ತಿಕೊಂಡು ನಾಡದು ಇಲ್ಲೇ ಬಂದು ಚಾ ಕುಡಿತೀನಿ. ತಾಟು ನೋಡಿಲ್ಲೇನು ನನ್ನದು?"

ಇಂಥ ಮಾತು ಹೋಟೆಲಿನಲ್ಲಿ ಹುಟ್ಟಿ ಹೋಟೆಲಿನಲ್ಲೇ ಸಾಯಬೇಕು. ಆದರೆ ಅವತ್ತು ಮೂಲೆಯ ಬೆಂಚಿನಲ್ಲಿ ಅರಿವೆ ಅಂಗಡಿಯ ಪಂಚಾಕ್ಷರಪ್ಪ ಕೂತಿದ್ದರು. ಅವರು ಮಾತೃ ಸೇವಾ ಸಮಿತಿಯ ಅಧ್ಯಕ್ಷರು. ಸಮಿತಿ ಊರಾಚೆ ಒಂದು ಹೆರಿಗೆ ಮನೆ ಕಟ್ಟಿಸಿತ್ತು. ಅದಕ್ಕೆ ಕಮಾನಿತ್ತು, ಕಮಾನಿಗೆ ಎರಡು ಆನೆಗಳಿದ್ದವು, ಸಮಿತಿಯ ಎಲ್ಲರ ಹೆಸರು ಕೆತ್ತಿದ ಕಲ್ಲಿತ್ತು, ಅಧ್ಯಕ್ಷರ ಖೋಲಿಗೆ ಫ್ಯಾನಿತ್ತು. ಹೆರುವವರಿಗೆ ಮಂಚ ಮಾತ್ರ ಇರಲಿಲ್ಲ.

ಪಂಚಾಕ್ಷರಪ್ಪ ಎದ್ದು ಬಂದು ಓಬಳೇಶನ ಹೆಗಲ ಮೇಲೆ ಕೈಯಿಟ್ಟರು. "ತಮ್ಮಾ, ನಮ್ಮೂರಾಗ ಇಂಥಾ ರತ್ನ ಇಟ್ಕೊಂಡು ನಾವು ಮಂಚಕ್ಕ ಒದ್ದಾಡಾಕ ಹತ್ತೀವಿ. ನೀ ಸೈಕಲ್ ಮ್ಯಾಲೆ ಊರೂರು ಹೋಗು. ನಾವು ಹಿಂದ ಜೀಪಿನಾಗ ಮೈಕ್ ಹಚ್ಕೊಂಡು ಬರ್ತೀವಿ. ಜನ ಮಂಚ ಕೊಡ್ತಾರ. ಧರ್ಮದ ಕೆಲಸ."

"ಸಾವ್ಕಾರ್ರ, ನಾ ಅಂದಿದ್ದು ಮಾತಿಗೆ..."

"ಮಾತಿಗಿ ತಪ್ಪೋ ಮನುಷ್ಯ ಅಲ್ಲ ನೀನು," ಎಂದು ಅವರು ಅವನ ಚಹಾದ ದುಡ್ಡನ್ನೂ ತಾವೇ ಕೊಟ್ಟುಬಿಟ್ಟರು.

ಮನೆಗೆ ಬಂದು ಹೆಂಡತಿ ಪಕ್ಕೀರಮ್ಮನ ಮುಂದೆ ಸಮಿತಿಯನ್ನೂ ಜೀಪನ್ನೂ ಎರಡು ಆನೆಗಳನ್ನೂ ಬೈದ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಹೋಗ್ರಿ," ಅಂದಳು.

"ನಿನಗೇನು ಹುಚ್ಚೇನು? ಕಾಲು ಬಿದ್ದು ಹೋಗ್ತಾವ!"

"ಹೋಗ್ರಿ ಅಂದೆ. ಸಣ್ಣದನ್ನ ಆ ಹೆರಿಗಿ ಮನ್ಯಾಗ ಗೋಣಿಚೀಲದ ಮ್ಯಾಲೆ ಹಡದೀನಿ. ಚಳಿಗಾಲ. ಕೆಳಗ ಹಸಿ ಸಿಮೆಂಟು. ಆಗ ನೀವು ಹೊರಗ ನಿಂತು ಕಾಂಪೌಂಡರನ ಕೂಡ ಜಗಳಾಡಿದ್ರಿ, ಅವ ಬೀಡಿ ಸೇದಿದ ಅಂತ. ಸಿಟ್ಟು ಎಲ್ಲಿ ತೋರಿಸಬೇಕೋ ಅಲ್ಲಿ ಒಂದು ಸಲನಾದ್ರೂ ತೋರಿಸಿ ಬರ್ರಿ."

ಓಬಳೇಶ ಎದ್ದು ಹೊರಗೆ ಹೋದ. ಸೈಕಲ್ಲಿನ ಚೈನಿಗೆ ಎಣ್ಣೆ ಬಿಟ್ಟ.

ಹೊರಡುವ ದಿನ ಕಮಾನಿನ ಕೆಳಗೆ ಸಭೆ ನಡೆಯಿತು. ಮೈಕು ಹಿಡಿದವನು ಡ್ರಿಲ್ ಮಾಸ್ತರ ಹಾಲೇಶಪ್ಪ. ಒಂದು ಮಾತಿನಲ್ಲಿ ಮುಗಿಯುವುದನ್ನು ಹತ್ತು ಮಾತಿನಲ್ಲಿ ಹೇಳುವುದು ಅವನ ವಿದ್ಯೆ. "ಮಹಾಜನರೇ! ಜಿಲ್ಲೆಗೇ ಪ್ರಥಮರಾದ ಸೈಕಲ್ ವೀರ ಓಬಳೇಶ ಅವರು ತಾಯಂದಿರಿಗಾಗಿ ಹಗಲಿರುಳೆನ್ನದೆ, ಅನ್ನನೀರೆನ್ನದೆ, ನೆಲಕ್ಕೆ ಕಾಲಿಡದೆ ದುಡಿಯಲಿದ್ದಾರೆ!"

ಹಾಲೇಶಪ್ಪನಿಗೆ ಅದು ಬರೀ ಅಲಂಕಾರ. ಆದರೆ ಜನ ಅಲಂಕಾರಕ್ಕೆ ಬಂದವರಲ್ಲ. ಬಯಲಿನಲ್ಲಿ ದಿನಗಟ್ಟಲೆ ಸೈಕಲ್ಲಿನಿಂದ ಇಳಿಯದೆ ಗಿರಗಿರ ಸುತ್ತಿ, ಎದೆಯ ಮೇಲೆ ಟ್ಯೂಬ್‌ಲೈಟ್ ಒಡೆಸಿಕೊಳ್ಳುವ ಆಟದವರನ್ನು ಅವರೆಲ್ಲ ನೋಡಿದ್ದರು. ಇವನು ಅದನ್ನೇ ಐದು ಊರಿನ ಮೇಲೆ ಮಾಡುತ್ತಾನೆಂಬ ಸುದ್ದಿ ಜೀಪಿಗಿಂತ ಮುಂದಾಗಿ ಕೊಟ್ಟೂರು ಸೇರಿತು.

ಕೊಟ್ಟೂರಿನ ಬಸ್ ನಿಲ್ದಾಣದ ಹತ್ತಿರ ಓಬಳೇಶ ಬೆವರು ಸುರಿಸುತ್ತ ಬಂದು ಬ್ರೇಕ್ ಹಿಡಿದು, ಎಡಗಾಲು ಕೆಳಗಿಡಲು ಹೋದ. "ಹೋ!" ಎಂದು ಇಡೀ ಜನ ಕೂಗಿತು. ಹೆದರಿ ಕಾಲು ಮೇಲೆತ್ತಿ ಪಕ್ಕದ ಲೈಟು ಕಂಬ ಹಿಡಿದುಕೊಂಡ.

"ಇಳಿಬ್ಯಾಡ್ರಿ! ವ್ರತ ಕೆಡತೈತಿ!"

"ಯಾವ ವ್ರತ? ನನಗ ಚಾ ಬೇಕ್ರೀ!"

ಚಹಾ ಬಂತು. ಕಂಬ ತಬ್ಬಿಕೊಂಡೇ ಕುಡಿದ. ಒಬ್ಬಳು ಮುದುಕಿ ಬಂದು ಮುಂದಿನ ಗಾಲಿಗೆ ನೀರು ಹಾಕಿ ಕುಂಕುಮ ಹಚ್ಚಿದಳು. ಇನ್ನೊಬ್ಬಳು ಕೆಮ್ಮುವ ಕೂಸನ್ನು ತಂದು ಅವನ ಮೊಣಕಾಲಿಗೆ ಮುಟ್ಟಿಸಿದಳು. "ನಾ ಬ್ಲಾಕ್ ಆಫೀಸಿನ ಗುಮಾಸ್ತನವ್ವಾ, ದೇವರಲ್ಲ!" ಎಂದು ಓಬಳೇಶ ಕಿರುಚಿದ. "ದೇವ್ರು ಹಂಗೇ ಅಂತಾನ" ಎಂದು ಅವಳು ಕೈ ಮುಗಿದಳು.

ಆ ಗುಂಪಿನಲ್ಲಿ ಹರಪನಹಳ್ಳಿಯ ಕಾಳಿನ ವ್ಯಾಪಾರಿ ಬೊಮ್ಮಪ್ಪ ಇದ್ದ. ವ್ಯಾಪಾರಕ್ಕೆಂದು ಮೋಟಾರ್ ಸೈಕಲ್ಲಿನ ಮೇಲೆ ಬಂದವನು. ಅವನು ಮೈಕು ಇಸಿದುಕೊಂಡು ಸಾರಿಬಿಟ್ಟ: "ಇವ ನೆಲಕ್ಕ ಕಾಲಿಡದಂಗ ನಮ್ಮೂರು ಮುಟ್ಟಿದ್ರ ಹತ್ತು ಮಂಚ ನಂದು! ಕಾಲು ತಾಗಿತೋ, ಒಂದು ಗೂಟನೂ ಕೊಡಂಗಿಲ್ಲ. ನೋಡಾಕ ನಾನೇ ಹಿಂದ ಬರ್ತೀನಿ." ಚಪ್ಪಾಳೆ ಬಿತ್ತು. ಹುರುಪೆದ್ದು ಕೊಟ್ಟೂರಿನವರೂ ಅದೇ ಕರಾರಿನ ಮೇಲೆ ಮಂಚ ಸಾರಿದರು.

ಓಬಳೇಶ ಹಲ್ಲು ಕಚ್ಚಿ ಜೀಪಿನ ಕಡೆ ನೋಡಿದ. "ಸಾವ್ಕಾರ್ರ, ಇದೇನ್ರಿ ಇದು? ಹೇಳ್ರಿ ಇವ್ರಿಗೆ!"

ಪಂಚಾಕ್ಷರಪ್ಪ ಮಂಡಕ್ಕಿ ಮೆಲ್ಲುತ್ತ ಕೆಳದನಿಯಲ್ಲಿ ಅಂದರು: "ಹತ್ತು ಮಂಚನೋ ತಮ್ಮಾ. ಕಾಲು ಎತ್ತು."

ಹಗರಿಬೊಮ್ಮನಹಳ್ಳಿ ಓಬಳೇಶನ ಬೀಗರೂರು. ಮಾವ ಸುಂಕಪ್ಪ ಹೊಸ ಪಂಚೆ ಉಟ್ಟು, ಚೊಂಬಿನಲ್ಲಿ ಕಾಲಿಗೆ ನೀರು ಹಿಡಿದು ಬಾಗಿಲಲ್ಲಿ ನಿಂತಿದ್ದ. ಅಳಿಯ ಬಂದ, ಬಾಗಿಲ ಮುಂದೆ ಒಂದು ಸುತ್ತು ಹೊಡೆದ, ಇಳಿಯಲಿಲ್ಲ.

"ಇಳೀರಿ ಅಳಿಯಂದ್ರ," ಅಂದ ಸುಂಕಪ್ಪ.

"ಇಳಿಯಂಗಿಲ್ಲ ಮಾವ," ಎಂದು ಓಬಳೇಶ ಇನ್ನೊಂದು ಸುತ್ತು ಹೋದ.

ಸುಂಕಪ್ಪನ ಮುಖ ಕೆಂಪಾಯಿತು. "ಓಹೋ! ಲಗ್ನದಾಗ ವಾಚು ಕೊಡಲಿಲ್ಲ ಅಂತ ಇನ್ನೂ ಸಿಟ್ಟಿನಾಗದಾನ! ನೋಡ್ರಪ್ಪ ಮಂದಿ, ಬೀಗರ ಮನಿ ಹೊಸ್ತಿಲ ತುಳಿಯಂಗಿಲ್ಲಂತ!"

"ವಾಚಿನ ಸುದ್ದಿ ಯಾರು ತೆಗೆದ್ರು ಈಗ?" ಅನ್ನುವಷ್ಟರಲ್ಲಿ ಓಬಳೇಶನ ಸುತ್ತು ದೂರ ಹೋಗಿತ್ತು. ಅವನು ಮರಳಿ ಬಂದು ಮಾತು ಮುಂದುವರಿಸುವಾಗ ಸುಂಕಪ್ಪ ಬೇರೆ ಬೈಗುಳಕ್ಕೆ ಹೋಗಿರುತ್ತಿದ್ದ. ಹೀಗೆ ಮಾವ ಅಳಿಯರ ಜಗಳ ಕಂತಿನ ಮೇಲೆ ನಡೆಯಿತು. ಅತ್ತೆ ಉಚ್ಚಂಗೆಮ್ಮ ಮಾತ್ರ ತಿಳಿದವಳು. ರೊಟ್ಟಿಯೊಳಗೆ ಶೇಂಗಾ ಚಟ್ನಿ ಸುತ್ತಿ, ಅವನು ಹಾಯ್ದು ಹೋಗುವಾಗೆಲ್ಲ ಬಾಯಿಗೆ ಒಂದೊಂದು ತುತ್ತು ಇಟ್ಟಳು. ಕೊನೆಯ ಸುತ್ತಿನಲ್ಲಿ ಸುಂಕಪ್ಪ ಚೊಂಬಿನ ನೀರನ್ನು ಸಿಟ್ಟಿನಿಂದ ಬೀದಿಗೆ ಎರಚಿದ. ಅದರ ಕೆಸರಿನಲ್ಲಿ ಗಾಲಿ ಜಾರಿತು. ಬೊಮ್ಮಪ್ಪ ಮೋಟಾರ್ ಸೈಕಲ್ಲಿನಿಂದ ಬಗ್ಗಿ ನೋಡಿದ. ಓಬಳೇಶ ಹೇಗೋ ಬಿದ್ದುಹೋಗದೆ ಊರು ದಾಟಿದ.

ಊರು ದಾಟಿದರೇನು? ಬಯಲ ದಾರಿಯಲ್ಲೂ ಬೊಮ್ಮಪ್ಪ ನೆರಳಿನಂತೆ ಹಿಂದೆ. ಜಾಲಿ ಗಿಡ ಕಂಡಾಗೆಲ್ಲ ಓಬಳೇಶನಿಗೆ ಇಳಿಯಬೇಕೆನ್ನಿಸುತ್ತಿತ್ತು. ಹೊಟ್ಟೆಯಲ್ಲಿ ಕೊಟ್ಟೂರಿನ ಚಹಾ, ಹಗರಿಬೊಮ್ಮನಹಳ್ಳಿಯಲ್ಲಿ ಅತ್ತೆ ಕುಡಿಸಿದ ಮಜ್ಜಿಗೆ. ಹಂಪಸಾಗರವೆಂಬ ಹಳ್ಳಿ ಮುಟ್ಟುವ ಹೊತ್ತಿಗೆ ಅವನ ಮುಖ ನೋಡಿ ಅಲ್ಲಿನವರೇ ಒಂದು ತೀರ್ಪು ಮಾಡಿದರು. ಸೈಕಲ್ಲಿನಿಂದ ಎತ್ತಿದರೆ ಕಾಲು ಇಟ್ಟಂತಾಗುವುದಿಲ್ಲ. ಇಬ್ಬರು ಹಮಾಲರು ಅವನನ್ನು ಜೋಳದ ಚೀಲ ಇಳಿಸಿದಂತೆ ಇಳಿಸಿ, ಎತ್ತಿಕೊಂಡೇ ಗಿಡದ ಮರೆಗೆ ಒಯ್ದು, ಎತ್ತಿಕೊಂಡೇ ತಂದರು. ಮೂವತ್ತು ದಾಟಿದ ಮನುಷ್ಯನನ್ನು, ಎರಡು ಮಕ್ಕಳ ತಂದೆಯನ್ನು, ಸರ್ಕಾರಿ ನೌಕರನನ್ನು ಊರ ಮುಂದೆ ಹೀಗೆ ಕೂಸಿನಂತೆ ಹಿಡಿದರೆ ಅವನು ಏನೇನು ಬೈಯಬಹುದೋ ಅದೆಲ್ಲ ಬೈದ. ಆ ರಾತ್ರಿ ಅವನು ಮಲಗಲು, ನೆಲಕ್ಕೆ ಮೈ ತಾಗಬಾರದೆಂದು, ಊರಿನವರು ಒಂದಲ್ಲ ಎರಡು ಮಂಚ ಜೋಡಿಸಿ ಮೇಲೆ ಹಾಸಿಗೆ ಹಾಕಿದರು. ಓಬಳೇಶ ಅದರ ಮೇಲೆ ಮಲಗಿ ಆ ಊರಿಗೂ ಶಾಪ ಹಾಕಿದ.

ಮರುದಿನ ಹಡಗಲಿಯ ದಾರಿಯಲ್ಲಿ ಒಬ್ಬ ಪೊಲೀಸಪ್ಪ ಕೈ ಅಡ್ಡ ಹಿಡಿದ.

"ಇಳಿ. ಸೈಕಲ್ಲಿಗೆ ದೀಪ ಎಲ್ಲೈತಿ?"

"ಈಗ ಹಗಲೈತಲ್ರಿ!"

"ರಾತ್ರಿ ಆಗಂಗಿಲ್ಲೇನು? ಇಳಿದು ಮಾತಾಡು."

"ಇಳಿಬ್ಯಾಡ!" ಎಂದು ಜನ ಕೂಗಿತು. ಹಿಡಿದುಕೊಳ್ಳಲು ಕಂಬವಿಲ್ಲದೆ ಓಬಳೇಶ ಪೊಲೀಸಪ್ಪನನ್ನೇ ಪ್ರದಕ್ಷಿಣೆ ಹಾಕತೊಡಗಿದ. ಪೊಲೀಸಪ್ಪ ಅವನ ಮುಖ ನೋಡಿ ಬೈಯಬೇಕೆಂದು ತಾನೂ ಸುತ್ತಿದ. "ಸರ್ಕಾರಕ್ಕ ಅಪಮಾನ ಮಾಡ್ತೀಯೇನಲೇ?" ಎಂದು ಒಂದು ಸುತ್ತು. "ನಾನೂ ಸರ್ಕಾರನ ಅದೀನ್ರಿ!" ಎಂದು ಇನ್ನೊಂದು ಸುತ್ತು. ಸ್ವಲ್ಪ ಹೊತ್ತಿಗೆ ಪೊಲೀಸಪ್ಪನಿಗೆ ತಲೆ ತಿರುಗಿ, ಅವನು ಟೊಪ್ಪಿಗೆ ಹಿಡಿದುಕೊಂಡು ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತುಬಿಟ್ಟ. ಜನ ನಕ್ಕರು. ಓಬಳೇಶನಿಗೆ ನಗು ಬರಲಿಲ್ಲ. ಕೂತವನನ್ನು ನೋಡಿ ಹೊಟ್ಟೆಕಿಚ್ಚಾಯಿತು.

ಹರಪನಹಳ್ಳಿ ಇನ್ನೇನು ಬಂತೆನ್ನುವಾಗ, ನೀಲಗುಂದದ ಕಡೆಯಿಂದ ಬರುವ ದಾರಿ ಕೂಡುವಲ್ಲಿ, ಹಿಂದಿನ ಗಾಲಿಗೆ ಜಾಲಿಮುಳ್ಳು ಹೊಕ್ಕಿತು. ಗಾಳಿಯಿಲ್ಲದ ಗಾಲಿಯನ್ನು ದಡಬಡ ತುಳಿಯುತ್ತ, ಅಂಗಿ ಬೆನ್ನಿಗಂಟಿ, ತುಟಿ ಒಡೆದು ಓಬಳೇಶ ಪೇಟೆಯ ಬಾಯಿಗೆ ಬಂದ. ಮುಂದೆ ಬೊಮ್ಮಪ್ಪನ ಅಂಗಡಿ, ಅದರ ಮೇಲೆ ಅವನ ಮನೆ, ಅಂಗಡಿಯೆದುರಿಗೆ ಜೀಪು, ಸುತ್ತ ಜನ. ಅಷ್ಟರಲ್ಲಿ ಯಾರದೋ ಎಮ್ಮೆ, ಅದಕ್ಕೆ ವ್ರತದ ಸುದ್ದಿ ಮುಟ್ಟಿರಲಿಲ್ಲವೆಂದು ಕಾಣುತ್ತದೆ, ಅಡ್ಡ ಬಂದು ನಿಂತಿತು. ಓಬಳೇಶ ವಾಲಿದ. ಬಲಗಾಲು ನೆಲಕ್ಕೆ ತಾಗಿತು. ಕೂಡಲೇ ಎತ್ತಿಕೊಂಡು ಜೀಪಿನ ಬಾನೆಟ್ಟಿಗೆ ಒರಗಿದ.

"ತಾಗಿತು!" ಎಂದು ಬೊಮ್ಮಪ್ಪ ಕುಣಿದ. "ಮಂಚ ಹೋತು!"

"ತಾಗಿಲ್ಲ!" ಎಂದು ಪಂಚಾಕ್ಷರಪ್ಪ ಜೀಪಿನಿಂದ ಜಿಗಿದರು. "ತಾಗಿದ್ದು ಚಪ್ಪಲಿ. ಕರಾರು ಆಗಿದ್ದು ಕಾಲಿಂದು."

"ಚಪ್ಪಲಿಯೊಳಗ ಕಾಲು ಇರಲಿಲ್ಲೇನು?"

ಕಟ್ಟೆಯ ಮೇಲಿದ್ದ ಹಿರಿಯರು ಎದ್ದು ಬಂದರು. ಒಬ್ಬರು ಕನ್ನಡಕ ಹಾಕಿಕೊಂಡು ಕೇಳಿದರು: "ಚಪ್ಪಲಿ ಚರ್ಮದ್ದೋ ರಬ್ಬರಿಂದೋ? ಚರ್ಮ ಆದ್ರ ಚರ್ಮ ಚರ್ಮಕ್ಕ ಕೂಡ್ತು, ಕಾಲು ಇಟ್ಟಂಗೇ. ರಬ್ಬರ್ ಆದ್ರ ಬ್ಯಾರೆ." ಇನ್ನೊಬ್ಬರು ಬಗ್ಗಿ ಓಬಳೇಶನ ಪಾದ ಹಿಡಿದು, ಹೆಬ್ಬೆರಳು ಚಪ್ಪಲಿಯಿಂದ ಹೊರಗೆ ಬಂದಿದೆಯೆಂದೂ, ಅದರ ತುದಿಗೆ ಧೂಳಿದೆಯೆಂದೂ, ಆ ಧೂಳು ಹರಪನಹಳ್ಳಿಯದೋ ಹಡಗಲಿಯದೋ ನೋಡಬೇಕೆಂದೂ ಹೇಳಿದರು. ಹಾಲೇಶಪ್ಪನಿಗೂ ವಾದದ ಹುಚ್ಚು ಹಿಡಿದು, ಮೈಕನ್ನು ಬಾನೆಟ್ಟಿನ ಮೇಲೆ ಒಗೆದು ಗುಂಪಿನೊಳಗೆ ನುಗ್ಗಿದ. ಬಂದ್ ಮಾಡಲು ಮರೆತಿದ್ದ.

ಓಬಳೇಶನ ಮುಖ ಆ ಮೈಕಿನ ಹತ್ತಿರವೇ ಇತ್ತು. ಅವನು ಪಕ್ಕದಲ್ಲಿ ನಿಂತವರಿಗಷ್ಟೇ ಅಂದುಕೊಂಡು ಬಾಯಿ ತೆರೆದ. ದನಿ ಊರಿನ ತುಂಬ ಮೊಳಗಿತು. ಸಿಟ್ಟು ಬಂದಾಗ ತನ್ನ ದನಿ ಹಾಗೇ ಕೇಳುವುದು ಅವನಿಗೆ ರೂಢಿಯಾಗಿದ್ದರಿಂದ ಏನೂ ಅನುಮಾನ ಬರಲಿಲ್ಲ.

"ಸಾಕು ಮಾಡ್ರೀ, ನಿಮ್ಮ ಬಾಯಿಗೆ ಮಣ್ಣು ಹಾಕ! ಚರ್ಮಂತ, ರಬ್ಬರಂತ! ಕಾಲು ನಂದು, ನೆಲ ಸರ್ಕಾರದ್ದು, ನಡುವ ನಿಮ್ಮದೇನ್ರಿ ಪಂಚಾಯ್ತಿ? ನನ್ನ ಹೆಬ್ಬೆಟ್ಟು ನೆಲಕ್ಕ ತಾಗಿದ್ದು ಊರಿಗೂರೇ ಕಂಡೈತಿ. ಅಲ್ಲಿ ಹಸಿ ಬಾಣಂತಿ ಬೆನ್ನು ನೆಲಕ್ಕ ಹಚ್ಚಿ ಮಲಗ್ಯಾಳ, ಅದು ಒಬ್ಬ ಗಂಡಸಿನ ಕಣ್ಣಿಗಾದ್ರೂ ಬಿದ್ದೈತೇನ್ರಿ? ನನ್ನ ಹೇಣ್ತಿ ಗೋಣಿಚೀಲದ ಮ್ಯಾಲೆ ಹಡದಾಳ! ಕೂಸಿನ ಬೆನ್ನಿಗೆ ಚೀಲದ ನಾರು ಹತ್ತಿತ್ತು, ಬಿಡಿಸಿ ಬಿಡಿಸಿ ತೆಗದಾಳ. ಅವತ್ತೆಲ್ಲಿ ಹೋಗಿದ್ದಿ ಬೊಮ್ಮಪ್ಪ, ಬಗ್ಗಿ ನೆಲ ನೋಡಾಕ? ಸಾವ್ಕಾರ್ರ, ಕಮಾನಿಗೆ ಎರಡು ಆನಿ ಮಾಡಿಸೀರಲ್ಲ, ಆನಿ ಹಡಿತಾವೇನ್ರಿ ಅಲ್ಲಿ? ತಗೊಳ್ರಿ ನಿಮ್ಮ ವ್ರತ!"

ಎಂದವನೇ ಸೈಕಲ್ಲು ಬಿಟ್ಟು ಎರಡೂ ಕಾಲು ನೆಲಕ್ಕೆ ಊರಿ ನಿಂತ. ಸೈಕಲ್ಲು ಎಮ್ಮೆಯ ಮೇಲೆ ಬಿತ್ತು. ಎಮ್ಮೆ ತನ್ನ ದಾರಿ ಹಿಡಿದು ಹೋಯಿತು.

ಆಮೇಲೆ ಬೊಮ್ಮಪ್ಪನ ಮನೆಯ ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಬೊಮ್ಮಪ್ಪನ ತಾಯಿ ನಾಗಲಿಂಗಮ್ಮ, ಎಪ್ಪತ್ತರ ಹಣ್ಣು ಮುದುಕಿ, ಮುಂದೆ ನಿಂತು ದಾರಿ ತೋರಿಸುತ್ತಿದ್ದಳು. ಹಿಂದೆ ಅಂಗಡಿಯ ಹಮಾಲರು ಸಾಗುವಾನಿ ಮಂಚವೊಂದನ್ನು ಓರೆ ಮಾಡಿ ಇಳಿಸುತ್ತಿದ್ದರು.

"ಅವ್ವಾ, ಅದು ನನ್ನ ಮಂಚ!"

"ಗೊತ್ತೈತಿ ಬಿಡಲೇ. ನಿನ್ನ ಹಡಿಯಾಕ ನಾ ನೆಲದ ಮ್ಯಾಲೆ ಎರಡು ಹಗಲು ಒದ್ದಾಡೀನಿ. ನೀ ಕರಾರು ಮಾತಾಡ್ತೀ. ಜೀಪಿಗೇರಿಸ್ರಪ್ಪ ಇದನ್ನ. ಉಳದಿದ್ದು ಇವ ಕೊಡ್ತಾನ. ಕೊಡಲಿಲ್ಲಂದ್ರ ಮನಿಗೆ ಬರಬ್ಯಾಡ ಅಂತ ಹೇಳ್ರಿ."

ಎದುರು ಮನೆಯ ಬಾಗಿಲು ತೆರೆಯಿತು. ಪಕ್ಕದ್ದೂ ತೆರೆದು ಹೆಂಗಸರು ಮಂಚ ಹೊರಗೆಳೆಯತೊಡಗಿದರು. ಕನ್ನಡಕದ ಹಿರಿಯರು ತಮ್ಮ ಮನೆಯಿಂದ ಮಂಚದ ಕಾಲೊಂದು ಹೊರಬರುವುದನ್ನು ಕಂಡು, ಚರ್ಮ ರಬ್ಬರಿನ ತೀರ್ಪು ಬಿಟ್ಟು ಆ ಕಡೆ ಓಡಿದರು. ಯಾರ ಮಾತನ್ನೂ ಆ ಹೆಂಗಸರು ಕೇಳಲಿಲ್ಲ. ಜೀಪು ಸಾಲದೆ ಎರಡು ಬಂಡಿ ಹೂಡಿದರು. ಪಂಚಾಕ್ಷರಪ್ಪ ಕೆಂಡವಾಗಿ, "ಸಮಿತಿ ಮರ್ಯಾದಿ ತೆಗೆದಿ!" ಎಂದು ಓಬಳೇಶನನ್ನು ಅಲ್ಲೇ ಬಿಟ್ಟು, ಬಸ್ಸು ಹತ್ತಿ ಊರಿಗೆ ಹೋಗಿಬಿಟ್ಟರು.

ಓಬಳೇಶ ಬಂಡಿಯ ಮಂಚದ ಮೇಲೆ ಸೈಕಲ್ಲು ಮಲಗಿಸಿ, ತಾನು ಪಕ್ಕದಲ್ಲಿ ನಡೆಯುತ್ತ ಬಂದ. ಸುದ್ದಿ ಮತ್ತೆ ಮುಂದೆ ಓಡಿತ್ತು. ಉಜ್ಜಿನಿಯ ದಾರಿ ಕೂಡುವಲ್ಲಿ ಒಂದು ಮಂಚ ಕಾದಿತ್ತು. ಕೊಟ್ಟೂರಿನಲ್ಲಿ ಬೀದಿಗೆ ತಂದಿಟ್ಟ ಮಂಚಗಳ ಪಕ್ಕದಲ್ಲಿ ಗಂಡಸರು ಮುಖ ಗಂಟಿಕ್ಕಿ ನಿಂತಿದ್ದರು.

ಎರಡು ದಿನ ನಡೆದು ಕೂಡ್ಲಿಗಿ ಮುಟ್ಟಿದಾಗ ನಡುಮಧ್ಯಾಹ್ನ. ಪಂಚಾಕ್ಷರಪ್ಪನವರ ಮನೆಯ ಮುಂದೆ ಗದ್ದಲ. ಅವರ ಹೆಂಡತಿ ಅನ್ನದಾನಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದರು. ಊಟದ ಮೇಲೆ ಒಂದು ನಿದ್ದೆ ಮಾಡೋಣವೆಂದು ಅಡ್ಡಾದ ಯಜಮಾನರನ್ನು ಎಬ್ಬಿಸಿ, ಮಂಚವನ್ನು ಆಗಲೇ ಪಡಸಾಲೆ ದಾಟಿಸಿದ್ದರು.

"ಊರಿಗೆಲ್ಲ ಮಂಚ ಕೇಳಿ ಬಂದೀರಿ. ನಮ್ಮದು ಯಾವಾಗ ಕೊಡೋದು?" ಎಂದು ಅವರು ಗಂಡನನ್ನು ಕೇಳಿದರು. ಅಧ್ಯಕ್ಷರು ಹೆಗಲ ಮೇಲೆ ದಿಂಬು ಇಟ್ಟುಕೊಂಡು, ಮಂಚದ ಹಿಂದೆ ಹೆರಿಗೆ ಮನೆಯವರೆಗೂ ವಾದ ಮಾಡುತ್ತ ಬಂದರು.

ಮಂಚ ಒಳಗೆ ಹೋದದ್ದೇ ತಡ, ಗುಡೇಕೋಟೆ ಕಡೆಯಿಂದ ಬೆಳಿಗ್ಗೆ ಬಂದು ಗೋಡೆಗೊರಗಿ ನರಳುತ್ತಿದ್ದ ಹೆಣ್ಣುಮಗಳನ್ನು ನರ್ಸಮ್ಮ ಅದರ ಮೇಲೆ ಮಲಗಿಸಿದರು. ಪಕ್ಕೀರಮ್ಮ ಆಗಲೇ ಅಲ್ಲಿದ್ದಳು, ಹಾಸಿಗೆ ಸರಿಮಾಡುತ್ತಿದ್ದಳು. ಗಂಡನ ಒಡೆದ ತುಟಿ, ಕೆಂಪಾದ ಮುಖ ನೋಡಿದಳು. ನೀರಿನ ಚೊಂಬು ಅವನ ಕೈಗೆ ಕೊಟ್ಟು ಒಳಗೆ ಹೋದಳು.

"ಗಂಡಸ್ರು ಇಲ್ಲೇನು ಮಾಡ್ತೀರಿ? ಹೊರಗ ನಡೀರಿ ಇಬ್ರೂ!" ಎಂದು ನರ್ಸಮ್ಮ ಗದರಿಸಿ ಬಾಗಿಲು ಹಾಕಿಕೊಂಡರು.

ಇಬ್ಬರೂ ಜಗಲಿಯ ಮೇಲೆ ನಿಂತರು. ಪಂಚಾಕ್ಷರಪ್ಪ ದಿಂಬನ್ನು ಅವುಚಿಕೊಂಡು ಓಬಳೇಶನನ್ನು ಸುಡುವಂತೆ ನೋಡಿದರು.

"ಎಲ್ಲಾ ನಿನ್ನಿಂದ. ಈಗ ನಾ ಎಲ್ಲಿ ಮಲಗ್ಲೋ?"

ಓಬಳೇಶ ನೀರು ಕುಡಿದು ಮುಗಿಸಿದ. ಬಾಯಿ ಒರೆಸಿಕೊಂಡ.

"ನೆಲ ಐತಲ್ರಿ ಸಾವ್ಕಾರ್ರ," ಅಂದ ತಣ್ಣಗೆ.